ಕುಶಾಲನಗರದಲ್ಲಿ ಕಾಫಿಪುಡಿ, ಸಾಂಬಾರ ಪದಾರ್ಥದ ಸಣ್ಣ ಅಂಗಡಿ: ದಿನಾ ಏನೇನು ಪಾಲಿಸಿದರೆ ಹತ್ತು ವರ್ಷ ನಿಲ್ಲುತ್ತದೆ?

ಕಾವೇರಿ ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕುಶಾಲನಗರದಲ್ಲಿ ಮುಖ್ಯರಸ್ತೆಗೆ ಹತ್ತಿರ ಒಂದು ಸಣ್ಣ ಮಳಿಗೆ ಬಾಡಿಗೆಗೆ ಸಿಕ್ಕಿದೆ. ಕಾಫಿಬೀಜ ಹುರಿದು, ಕೇಳಿದವರಿಗೆ ಎದುರಿಗೇ ಬೀಸಿ ಕೊಡುವುದು ಮುಖ್ಯ ಕೆಲಸ. ಜೊತೆಗೆ ಕಾಳುಮೆಣಸು, ಏಲಕ್ಕಿ, ಜೇನು, ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿರಸ). ಕೆಲಸಕ್ಕೆ ಒಬ್ಬ ಹುಡುಗ ಇರುತ್ತಾನೆ. ಗಿರಾಕಿಗಳಲ್ಲಿ ಅರ್ಧ ಊರಿನವರು, ಅರ್ಧ ನಿಸರ್ಗಧಾಮ, ದುಬಾರೆ, ಮಡಿಕೇರಿ ಕಡೆ ಹೋಗುವ ಪ್ರವಾಸಿಗರು.

ಇಂಥ ಅಂಗಡಿಗಳು ಸೀಸನ್‌ನಲ್ಲಿ ಜೋರಾಗಿ ನಡೆದು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲು ಹಾಕುವುದು ಈ ಕಡೆ ಹೊಸದೇನಲ್ಲ. ಅದಕ್ಕೇ ಕೇಳುತ್ತಿದ್ದೇನೆ. ಗ್ರಾಹಕರೇ ದೇವರು, ಶ್ರಮವೇ ಯಶಸ್ಸು ಎನ್ನುವಂಥ ಮಾತು ಸಾಕಷ್ಟು ಓದಿಯಾಗಿದೆ. ದಿನಾ ಬೆಳಿಗ್ಗೆ, ದಿನಾ ರಾತ್ರಿ, ವಾರಕ್ಕೊಮ್ಮೆ ಕೈಯಾರೆ ಮಾಡಬೇಕಾದ್ದು ಏನು? ಮಾಡದಿದ್ದರೆ ಎಲ್ಲಿ ಕೈ ಸುಡುತ್ತದೆ? ಅಂಕಿ ಸಮೇತ ಹೇಳುವವರಿದ್ದರೆ ಉಪಕಾರ.

ಲೆಕ್ಕದ ಪುಸ್ತಕ

ಮೇಡಂ, ಒಂದೇ ಒಂದು ಅಭ್ಯಾಸ ಇಟ್ಟುಕೊಳ್ಳುವುದಾದರೆ ರಾತ್ರಿ ಬಾಗಿಲು ಎಳೆಯುವ ಮುಂಚೆ ಗಲ್ಲಾ ತಾಳೆ ನೋಡುವುದನ್ನು ಇಟ್ಟುಕೊಳ್ಳಿ. ಇಪ್ಪತ್ತು ನಿಮಿಷದ ಕೆಲಸ. ನಾಳೆ ಬೆಳಿಗ್ಗೆ ನೋಡೋಣ ಅಂದರೆ ಆಗಲ್ಲ. ರಾತ್ರಿ ಮಲಗಿ ಎದ್ದ ಮೇಲೆ ಯಾರಿಗೆ ಎಷ್ಟು ಚಿಲ್ಲರೆ ಕೊಟ್ಟೆವು ಅನ್ನೋದು ನೆನಪಿರೋದಿಲ್ಲ.

ಕ್ರಮ ಹೀಗೆ. ಬೆಳಿಗ್ಗೆ ಗಲ್ಲಾದಲ್ಲಿ ಇಡುವ ಚಿಲ್ಲರೆ ಪ್ರತಿದಿನವೂ ಒಂದೇ ಮೊತ್ತ ಇರಲಿ, 2,000 ಅಂದುಕೊಳ್ಳಿ. ಪ್ರತಿ ಮಾರಾಟಕ್ಕೂ ಬಿಲ್ ಇರಬೇಕು. ಕಂಪ್ಯೂಟರ್ ಬೇಕಿಲ್ಲ, ನಂಬರ್ ಹಾಕಿದ ಬಿಲ್‌ಬುಕ್ ಸಾಕು. ಹತ್ತು ರೂಪಾಯಿಯ ಲವಂಗ ಕೊಟ್ಟರೂ ಬರೆಯಬೇಕು. ರಾತ್ರಿ ಬಿಲ್ ಕೂಡಿದಾಗ 21,300 ಬಂತು ಅನ್ನಿ. ಯುಪಿಐ ಆ್ಯಪ್ ಇವತ್ತು 10,100 ತೋರಿಸುತ್ತದೆ, ಉದ್ರಿ 1,800. ಹಾಗಾದರೆ ನಗದು ಮಾರಾಟ 9,400. ಹಳೆ ಉದ್ರಿ ನಗದಾಗಿ ಬಂದದ್ದು 1,200. ಆಟೋ, ಟೀಗೆ ಹೋದದ್ದು 350, ಮೆಣಸು ತಂದವರಿಗೆ ಕೊಟ್ಟದ್ದು 3,000, ಮನೆಗೆಂದು ನೀವೇ ತೆಗೆದದ್ದು 500.

2,000 + 9,400 + 1,200 − 350 − 3,000 − 500 = 8,750. ಗಲ್ಲಾದಲ್ಲಿ ಇಷ್ಟಿರಬೇಕು.

ಎಣಿಸಿದಾಗ 8,660 ಸಿಕ್ಕಿದರೆ 90 ಕಡಿಮೆ. ಕಡಿಮೆ ಬಿದ್ದ ಮೊತ್ತವೇ ತಪ್ಪು ಎಲ್ಲಿ ಅನ್ನೋದಕ್ಕೆ ಸುಳಿವು ಕೊಡುತ್ತದೆ. ವ್ಯತ್ಯಾಸ 9ರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು, 450 ಅಂತ ಬರೆಯುವ ಕಡೆ 540. ಹತ್ತಿಪ್ಪತ್ತು ರೂಪಾಯಿ ಅತ್ತಿತ್ತ ಆದರೆ ಚಿಲ್ಲರೆ ಕೊಡುವಾಗಿನ ಎಡವಟ್ಟು. ಸರಿಯಾಗಿ 200, 500 ಕಡಿಮೆ ಅಂದರೆ ಯಾರಿಗೋ ದುಡ್ಡು ಕೊಟ್ಟು ಬರೆದಿಲ್ಲ, ಇಲ್ಲವೇ ಯುಪಿಐ ಬಂತು ಅಂದುಕೊಂಡದ್ದು ಬಂದೇ ಇಲ್ಲ. ಗಿರಾಕಿ ಮೊಬೈಲ್ ತಿರುಗಿಸಿ ತೋರಿಸುವ ಹಸಿರು ಟಿಕ್ ನಂಬಬೇಡಿ. ನಿಮ್ಮ ಸೌಂಡ್‌ಬಾಕ್ಸ್ ಕೂಗಬೇಕು ಅಥವಾ ನಿಮ್ಮ ಆ್ಯಪ್‌ನಲ್ಲಿ ಕಾಣಬೇಕು. ಮಳೆಗೆ ನೆಟ್‌ವರ್ಕ್ ಹೋದ ದಿನ ಸೌಂಡ್‌ಬಾಕ್ಸ್ ಮೂಕವಾಗುತ್ತದೆ. ಅಂಥ ದಿನ ನಗದು ಕೇಳಿ, ಇಲ್ಲವೇ ಬಿಲ್ ಹಿಂದೆ ಗಿರಾಕಿಯ ಫೋನ್ ನಂಬರ್ ಬರೆದಿಟ್ಟುಕೊಳ್ಳಿ.

ಗಲ್ಲಾದಲ್ಲಿ ದುಡ್ಡು ಹೆಚ್ಚಿದ್ದರೆ ಖುಷಿಪಡಬೇಡಿ. ಬಿಲ್ ಇಲ್ಲದೆ ಏನೋ ಮಾರಾಟವಾಗಿದೆ ಅಂತ ಅರ್ಥ. ಕಡಿಮೆಯಾದದ್ದಕ್ಕಿಂತ ಇದು ಕೆಟ್ಟದ್ದು. ಬಿಲ್ ಹಾಕದೆ ಮಾರುವ ಅಭ್ಯಾಸ ಹುಡುಗನಿಗೆ ಒಮ್ಮೆ ಹತ್ತಿದರೆ ಆ ಹೆಚ್ಚಿಗೆ ದುಡ್ಡು ಗಲ್ಲಾದಲ್ಲೇ ಉಳಿಯುತ್ತೆ ಅನ್ನೋ ಖಾತ್ರಿ ಏನೂ ಇಲ್ಲ.

ಮೇಲೆ ನೀವು ತೆಗೆದ 500 ಅಂತ ಬರೆದೆನಲ್ಲ, ಸಣ್ಣ ಅಂಗಡಿ ಸೋರುವ ಜಾಗ ಅದೇ. ಮನೆ ತರಕಾರಿ, ಮಕ್ಕಳ ಬಸ್ ಚಾರ್ಜು, ಎಲ್ಲ ಗಲ್ಲಾದಿಂದ ಹೋಗುತ್ತದೆ. ಅಂಗಡಿಗೆ ಬೇರೆ ಬ್ಯಾಂಕ್ ಖಾತೆ, ಅದಕ್ಕೇ ಜೋಡಿಸಿದ ಒಂದೇ ಕ್ಯೂಆರ್ ಇರಲಿ. ತಿಂಗಳಿಗೆ ಇಷ್ಟು ಅಂತ ನಿಮಗೆ ನೀವೇ ಸಂಬಳ ನಿಗದಿ ಮಾಡಿ, ಒಂದನೇ ತಾರೀಕು ಅಂಗಡಿ ಖಾತೆಯಿಂದ ಮನೆ ಖಾತೆಗೆ ಹಾಕಿಕೊಳ್ಳಿ. ಆಮೇಲೆ ಗಲ್ಲಾ ಮುಟ್ಟಬೇಡಿ.

ಮೆಣಸು ಏಲಕ್ಕಿ

ಲೆಕ್ಕ ಸರಿ ಅಣ್ಣ, ಆದ್ರೆ ಅಸಲು ತಪ್ಪಿದ್ರೆ ರಾತ್ರಿ ಎಷ್ಟು ಎಣಿಸಿದ್ರೂ ಉಪಯೋಗ ಇಲ್ಲ. ಕಾಫಿಪುಡಿ ಅಂಗಡಿಗಳು ಮುಳುಗೋದು ಹೆಚ್ಚಾಗಿ ಅಸಲು ಲೆಕ್ಕದಲ್ಲೇ.

ಹುರಿದಾಗ ಬೀಜದ ತೂಕ ಇಳಿಯುತ್ತೆ. ಹದ ಹುರಿಗೆ ಶೇ 15-16, ಕಪ್ಪಗೆ ಹುರಿದ್ರೆ 18-20 ತನಕ. ಕೆಜಿಗೆ 400ರಂತೆ 10 ಕೆಜಿ ಹಸಿ ಬೀಜ ತಂದ್ರಿ ಅನ್ನಿ, 4,000. ಹುರಿಯೋ ಖರ್ಚು ಕೆಜಿಗೆ 25ರಂತೆ 250. ಒಟ್ಟು 4,250. ಶೇ 16 ಇಳಿದು ಕೈಗೆ ಬರೋದು 8.4 ಕೆಜಿ, ಬೀಸೋವಾಗ ಚೆಲ್ಲಿ ಅಂಟಿ ಇನ್ನೂ 100 ಗ್ರಾಂ ಹೋಗುತ್ತೆ, 8.3. ಅಂದ್ರೆ ಕೆಜಿ ಪುಡಿಗೆ 512. ಕಾಲು ಕೆಜಿ ಪೌಚಿಗೆ ಲೇಬಲ್ ಸೇರಿ 8 ರೂಪಾಯಿ ಆದ್ರೆ ಕೆಜಿಗೆ 32. ಅಸಲು 544. ಹೊಸಬರು 4,250ನ್ನ ಹತ್ತರಿಂದ ಭಾಗಿಸಿ 425, ಪೌಚ್ ಸೇರಿ 457 ಅಂತ ಹಿಡೀತಾರೆ. 550ಕ್ಕೆ ಮಾರಿ ಕೆಜಿಗೆ 93 ಲಾಭ ಅಂದ್ಕೋತಾರೆ. ನಿಜವಾಗಿ ಸಿಗೋದು 6 ರೂಪಾಯಿ, ಅದೂ ಬಾಡಿಗೆ, ಸಂಬಳ, ಕರೆಂಟಿಗಿಂತ ಮುಂಚೆ. ಅದಕ್ಕೆ ಪ್ರತಿ ಸಲ ಹುರಿಯೋಕೆ ಮೊದಲು ಎಷ್ಟು, ಆದ್ಮೇಲೆ ಎಷ್ಟು ಅಂತ ತೂಗಿ ತಾರೀಕಿನ ಜೊತೆ ಬರೆದಿಡಿ. ಇಳಿಕೆ ದಿಢೀರ್ ಹೆಚ್ಚಾದ್ರೆ ಬೀಜ ಸರಿಯಾಗಿ ಒಣಗಿಲ್ಲ ಅಂತ ಗೊತ್ತಾಗುತ್ತೆ. ಮುಂದಿನ ಲೋಡಿಗೆ ದರ ಚೌಕಾಸಿ ಮಾಡೋಕೆ ಅದೇ ಪುಸ್ತಕ ಸಾಕ್ಷಿ.

ಚಿಕೋರಿ ಬೆರೆಸೋದಾದ್ರೆ ಒಟ್ಟು ತೂಕದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರೋ ಹಾಗಿಲ್ಲ, ಎಷ್ಟು ಕಾಫಿ ಎಷ್ಟು ಚಿಕೋರಿ ಅಂತ ಪೌಚ್ ಮೇಲೆ ಹಾಕ್ಲೇಬೇಕು. ಊರ ಗಿರಾಕಿ ನಾಲಗೆ ಬಲು ಚುರುಕು. 80:20 ಅಂತ ಒಂದು ತಿಂಗಳು ಕೊಟ್ಟು ಮುಂದಿನ ತಿಂಗಳು 70:30 ಮಾಡಿದ್ರೆ ಮಾತಾಡದೆ ಪಕ್ಕದಂಗಡಿಗೆ ಹೋಗ್ತಾರೆ.

ಹುರಿದ ಬೀಜ ಆವತ್ತೇ ಪ್ಯಾಕ್ ಮಾಡ್ಬೇಡಿ. ಒಳಗಿಂದ ಗ್ಯಾಸ್ ಬರ್ತಾ ಇರುತ್ತೆ, ವಾಲ್ವ್ ಇಲ್ಲದ ಪೌಚ್ ಊದಿ ಸೀಲ್ ಬಿಟ್ಕೊಳ್ಳುತ್ತೆ. ಒಂದು ದಿನ ಬಿಡಿ. ಪುಡಿ ಮಾತ್ರ ಕೇಳಿದಾಗ ಬೀಸಿ. ಬೀಸಿಟ್ಟ ಪುಡಿಯ ಘಮ ಹೋಗೋಕೆ ಹೆಚ್ಚು ದಿನ ಬೇಡ, ಮಳೆಗಾಲದಲ್ಲಂತೂ ಗಂಟು ಕಟ್ಟುತ್ತೆ. ಬೆಳಿಗ್ಗೆ ಮೊದಲ ಗಿರಾಕಿಗೆ ಬೀಸೋ ಮುಂಚೆ ಒಂದು ಹಿಡಿ ಬೀಜ ಹಾಕಿ ಬೀಸಿ ಚೆಲ್ಲಿಬಿಡಿ. ಮಿಲ್ಲಿನ ಹಲ್ಲಿನ ಸಂದಿಲಿ ಕೂತ ನಿನ್ನೆಯ ಪುಡಿ ಜಿಡ್ಡು ವಾಸನೆ ಬಂದಿರುತ್ತೆ. ರಾತ್ರಿ ಮಿಲ್ ಬಿಚ್ಚಿ ಬ್ರಷ್ ಆಡಿಸಿ, ನೀರು ಸೋಕಿಸ್ಬೇಡಿ. ಆ ಮಿಲ್ಲಿನಲ್ಲಿ ಮೆಣಸಿನಪುಡಿ ಒಂದು ಸಲ ಮಾಡಿದ್ರೂ ಮುಗೀತು, ಕಾಫಿಗೆ ಘಾಟು ವಾರಗಟ್ಟಲೆ ಹೋಗಲ್ಲ.

ಇನ್ನು ತೇವ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಅಂಗಡಿಯ ದೊಡ್ಡ ಶತ್ರು ಅದೇ. ಕಾಳುಮೆಣಸು ಶೇ 11ರ ಆಸುಪಾಸು ತೇವಾಂಶಕ್ಕೆ ಒಣಗಿರಬೇಕು. ಬಾಯಿ ಬಿಚ್ಚಿದ ಗೋಣಿಚೀಲದಲ್ಲಿ ಇಟ್ರೆ ಕಕ್ಕಡದ (ಜುಲೈ-ಆಗಸ್ಟ್) ಮಳೆ ಮುಗಿಯೋದ್ರೊಳಗೆ ಬೂಷ್ಟು. ಒಳಗೆ ಪ್ಲಾಸ್ಟಿಕ್ ಚೀಲ, ಹೊರಗೆ ಗೋಣಿ, ಬಾಯಿ ಬಿಗಿಯಾಗಿ ಕಟ್ಟಿ. ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಹಲಗೆ, ಗೋಡೆಯಿಂದ ಒಂದು ಗೇಣು ದೂರ. ಕೊಳ್ಳೋವಾಗ ಲೀಟರ್ ತೂಕ ನೋಡಿ, ಒಂದು ಲೀಟರ್ ಪಾತ್ರೆ ತುಂಬಿ ತೂಗಿದ್ರೆ 550 ಗ್ರಾಂ ಬರೋ ಮೆಣಸು ತುಂಬಿದ ಕಾಳು, 500ಕ್ಕಿಂತ ಕೆಳಗೆ ಬಂದ್ರೆ ಜೊಳ್ಳು ಜಾಸ್ತಿ. ಏಲಕ್ಕಿ ಗಾಜಿನ ಭರಣಿಲಿ ಬೆಳಕಿಗಿಟ್ರೆ ಹಸಿರು ಬಿಳಚಿಕೊಳ್ಳುತ್ತೆ. ತೋರಿಸೋಕೆ ನೂರು ಗ್ರಾಂ ಭರಣಿಲಿ, ಉಳಿದದ್ದು ಕತ್ತಲಲ್ಲಿ. ಜೇನು ಹರಳುಗಟ್ಟಿದ್ರೆ ಸಕ್ಕರೆ ಬೆರೆಸಿದಾರೆ ಅಂತ ಪ್ರವಾಸಿಗರು ಜಗಳಕ್ಕೆ ಬರ್ತಾರೆ. ಅದು ಸಹಜ ಅಂತ ಭರಣಿ ಪಕ್ಕ ಎರಡು ಸಾಲು ಬರೆದು ಅಂಟಿಸಿ. ಬುರುಗು ಬಂದು ಹುಳಿ ವಾಸನೆ ಹೊಡೀತಿದ್ರೆ ಮಾತ್ರ ಮಾರ್ಬೇಡಿ, ನೀರಂಶ ಹೆಚ್ಚಿದೆ ಅಂತ ಅರ್ಥ. ಶೇ 20 ಮೀರೋ ಹಾಗಿಲ್ಲ.

ತಕ್ಕಡಿ ಬಗ್ಗೆ: ಬೆಳಿಗ್ಗೆ ಆನ್ ಮಾಡಿ ಲೆವೆಲ್ ಗುಳ್ಳೆ ನಡುವೆ ಇದೆಯಾ ನೋಡಿ, 500 ಗ್ರಾಂ ಬಟ್ಟು ಇಟ್ಟು ಪರೀಕ್ಷೆ ಮಾಡಿ. ಖಾಲಿ ಪೌಚ್ ಇಟ್ಟು ಸೊನ್ನೆ ಮಾಡ್ಕೊಂಡೇ ಪುಡಿ ತುಂಬಿ. ಇಲ್ದಿದ್ರೆ ಪೌಚಿನ ಎಂಟ್ಹತ್ತು ಗ್ರಾಂ ಗಿರಾಕಿ ತೂಕದಿಂದ ಹೋಗುತ್ತೆ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಆಗ್ಬೇಕು, ತಾರೀಕು ಗೋಡೆ ಕ್ಯಾಲೆಂಡರಲ್ಲಿ ಗುರುತು ಹಾಕಿಡಿ.

ಗೋಣಿಕೊಪ್ಪದ ಗಲ್ಲಾ

ಮೇಲಿನವರು ಹೇಳದೆ ಬಿಟ್ಟದ್ದು ಮಳೆಗಾಲದ ಹಣ.

ತಿಂಗಳ ತಪ್ಪದ ಖರ್ಚು ಬರೆಯಿರಿ. ಬಾಡಿಗೆ 12,000, ಹುಡುಗನ ಸಂಬಳ 14,000, ಕರೆಂಟು ಫೋನು 3,000, ಸಾಲದ ಕಂತು 9,000, ನಿಮ್ಮ ಮನೆಗೆ 20,000. ಒಟ್ಟು 58,000. ಮಳೆ ತಿಂಗಳಲ್ಲಿ 1,60,000 ವ್ಯಾಪಾರ, ನೂರಕ್ಕೆ 22 ಉಳಿಯುತ್ತದೆ ಅಂದರೆ ಕೈಗೆ 35,200. ಕೊರತೆ 22,800. ನಾಲ್ಕು ತಿಂಗಳಿಗೆ 91,200. ಇದನ್ನು ಅಕ್ಟೋಬರಿನಿಂದ ಮೇ ತನಕದ ಎಂಟು ತಿಂಗಳಿಗೆ ಹಂಚಿದರೆ ತಿಂಗಳಿಗೆ 11,400, ಅಂಗಡಿ ತೆರೆದ ದಿನಕ್ಕೆ ಸುಮಾರು 440. ಪ್ರತಿ ಸೋಮವಾರ, ವಾರಾಂತ್ಯದ ವ್ಯಾಪಾರ ಕೈಯಲ್ಲಿರುವಾಗಲೇ, ವಾರದ್ದನ್ನು ಬೇರೆ ಖಾತೆಗೆ ಹಾಕಿ. ಅಂಕಿ ನಿಮ್ಮದು ಹಾಕಿಕೊಳ್ಳಿ, ಲೆಕ್ಕ ಇದೇ. ದಸರಾ, ಕ್ರಿಸ್ಮಸ್ ರಜೆಯಲ್ಲಿ ಬಂದ ದುಡ್ಡೆಲ್ಲ ಲಾಭ ಅಂದುಕೊಂಡು ಹೊಸ ಶೋಕೇಸ್ ಹಾಕಿಸಿದವರೇ ಆಗಸ್ಟಿನಲ್ಲಿ ಕೈಸಾಲಕ್ಕೆ ಓಡುವುದು.

ಮಳೆ ನೋಡಲು ಬರುವವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ರೆಡ್ ಅಲರ್ಟ್ ಬಿದ್ದ ವಾರ ರಸ್ತೆ ಖಾಲಿ. ಮೇ ಎರಡನೇ ವಾರದಿಂದಲೇ ಖರೀದಿ ಇಳಿಸಿ. ಹದಿನೈದು ದಿನದ ಸರಕು ಇಡುವ ಕಡೆ ಏಳು ದಿನದ್ದು. 2018, 2019ರಲ್ಲಿ ಕಾವೇರಿ ಕುಶಾಲನಗರದ ತಗ್ಗು ಬಡಾವಣೆಗಳಿಗೆ ನುಗ್ಗಿದ್ದು ಗೊತ್ತಲ್ಲ. ಮಳಿಗೆ ತಗ್ಗಿನಲ್ಲಿದ್ದರೆ ಅರ್ಧ ಅಡಿ ಹಲಗೆ ಏನೂ ಸಾಲದು, ಎದೆಮಟ್ಟದ ಅಟ್ಟಣೆ ಬೇಕು. ಅಂಗಡಿ ವಿಮೆ ಮಾಡಿಸುವಾಗ ಪ್ರವಾಹ ಸೇರಿದೆಯಾ ಅಂತ ಪಾಲಿಸಿಯಲ್ಲೇ ಓದಿ ನೋಡಿ, ಏಜೆಂಟ್ ಬಾಯಿಮಾತು ಬೇಡ.

ಉದ್ರಿ. ಕೊಡದೆ ಊರಿನಲ್ಲಿ ವ್ಯಾಪಾರ ಆಗುವುದಿಲ್ಲ, ಒಪ್ಪಿದೆ. ಆದರೆ ಯಾರಿಗೆ ದುಡ್ಡು ಯಾವಾಗ ಬರುತ್ತದೆ ಅನ್ನೋದರ ಮೇಲೆ ಉದ್ರಿ ನಿಂತಿರಲಿ. ತೋಟದ ಕೆಲಸದವರಿಗೆ ವಾರದ ಬಟವಾಡೆ, ಅವರ ಲೆಕ್ಕ ಸಂತೆ ದಿನವೇ ಚುಕ್ತಾ ಆಗಬೇಕು. ಎರಡು ವಾರ ದಾಟಿದರೆ ಬರುವುದು ಕಷ್ಟ, ಕೆಲಸ ಬಿಟ್ಟು ಬೇರೆ ತೋಟದ ಲೈನ್‌ಮನೆಗೆ ಹೋಗಿರುತ್ತಾರೆ. ಸಂಬಳದವರಿಗೆ ತಿಂಗಳು. ತೋಟದ ಮಾಲೀಕರ ದುಡ್ಡು ಕಾಫಿ ಕುಯ್ದು ಮಾರಿದ ಮೇಲೆ, ರೊಬಸ್ಟಾ ಇದ್ದವರದ್ದು ಫೆಬ್ರವರಿ, ಮಾರ್ಚ್ ಆಗುತ್ತದೆ. ದೊಡ್ಡವರು, ಕೇಳುವುದು ಹೇಗೆ ಅಂತ ವರ್ಷಗಟ್ಟಲೆ ಸುಮ್ಮನಿದ್ದರೆ ಹೋಯಿತು. ಮೂರು ವರ್ಷ ದಾಟಿದ ಬಾಕಿಗೆ ಕೋರ್ಟಿನಲ್ಲೂ ದಾವೆ ನಿಲ್ಲುವುದಿಲ್ಲ. ವರ್ಷಕ್ಕೊಮ್ಮೆ, ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಹೊತ್ತಿಗೆ, ಪುಸ್ತಕದ ಬಾಕಿ ಎದುರಿಗೆ ಸಹಿ ಹಾಕಿಸಿಕೊಳ್ಳಿ. ಅವಧಿಯೊಳಗೆ ಸಹಿ ಬಿದ್ದರೆ ಆ ಮೂರು ವರ್ಷ ಅಲ್ಲಿಂದ ಹೊಸದಾಗಿ ಶುರು.

ಊರಿನವರ ಒಟ್ಟು ಉದ್ರಿ ಒಂದು ವಾರದ ವ್ಯಾಪಾರ ಮೀರಬಾರದು. ನೂರಕ್ಕೆ 22 ಉಳಿಯುವ ಅಂಗಡಿಯಲ್ಲಿ 2,200 ಮುಳುಗಿದರೆ ಅದನ್ನು ತುಂಬಲು ಇನ್ನೂ 10,000 ವ್ಯಾಪಾರ ಮಾಡಬೇಕು.

ಕಾವೇರಿ ದಂಡೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಸಲಿನ ಲೆಕ್ಕ ನೋಡಿ ಗಾಬರಿಯೇ ಆಯಿತು. ಇನ್ನೆರಡು ಸಂಶಯ. ಒಂದು, ಯುಪಿಐ ಇಟ್ಟರೆ ಜಿಎಸ್‌ಟಿ ನೋಟಿಸ್ ಬರುತ್ತದೆ, ನಗದೇ ಇರಲಿ ಅನ್ನುತ್ತಾರೆ. ನಿಜವೇ? ಎರಡು, ಹೋಂಸ್ಟೇಯವರು ತಿಂಗಳಿಗೆ ಹತ್ತಿಪ್ಪತ್ತು ಕೆಜಿ ಪುಡಿ ಕೇಳುತ್ತಿದ್ದಾರೆ, ಆದರೆ ದುಡ್ಡು ನಿಧಾನ. ಕೊಡಬಹುದೇ? ಜೊತೆಗೆ, ಟ್ಯಾಕ್ಸಿ ಡ್ರೈವರುಗಳು ಕಮಿಷನ್ ಕೇಳಿಕೊಂಡು ಈಗಲೇ ಬರುತ್ತಿದ್ದಾರೆ.

ಲೆಕ್ಕದ ಪುಸ್ತಕ

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಲವರು ಕ್ಯೂಆರ್ ಕಿತ್ತು ನಗದು ಮಾತ್ರ ಅಂತ ಬೋರ್ಡ್ ಹಾಕಿದರು. ಅದು ಹೆದರಿಕೆಯ ಕೆಲಸ, ಲೆಕ್ಕದ್ದಲ್ಲ. ನಗದು, ಯುಪಿಐ, ಉದ್ರಿ ಎಲ್ಲ ಸೇರಿದ್ದೇ ವಹಿವಾಟು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ಅಂದರೆ ದಿನಕ್ಕೆ ಸರಾಸರಿ 11,000. ತೆರಿಗೆ ಇಲ್ಲದ ಸರಕೂ ಆ ಮೊತ್ತಕ್ಕೆ ಸೇರುತ್ತದೆ. ಮೇಲೆ ಉದಾಹರಿಸಿದ 21,300ರಂಥ ದಿನಗಳು ಸೀಸನ್ ಪೂರ್ತಿ ಇದ್ದರೆ ಸುಲಭವಾಗಿ ದಾಟುತ್ತೀರಿ. ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ತಿಂಗಳ ಕೊನೆಗೆ ಆ ವರ್ಷದ ಒಟ್ಟು ಮೊತ್ತ ಕೂಡಿ ಒಂದು ಹಾಳೆಯಲ್ಲಿ ಬರೆಯುತ್ತ ಹೋದರೆ ನೋಟಿಸ್ ಬಂದರೂ ನಿದ್ದೆ ಕೆಡುವುದಿಲ್ಲ. ಅಣ್ಣತಮ್ಮಂದಿರ ಕೈಸಾಲ, ಮನೆ ಬಾಡಿಗೆ ಎಲ್ಲ ಅಂಗಡಿ ಕ್ಯೂಆರ್‌ಗೆ ಹಾಕಿಸಿಕೊಂಡವರಿಗೇ ಉತ್ತರಿಸುವುದು ಕಷ್ಟವಾಗುವುದು.

1.5 ಕೋಟಿ ತನಕ ಕಾಂಪೊಸಿಷನ್ ಪದ್ಧತಿ ಇದೆ, ವಹಿವಾಟಿನ ಶೇ 1 ಕಟ್ಟಿದರೆ ಆಯಿತು. ಮೂರು ತಿಂಗಳಿಗೊಮ್ಮೆ, ಮುಂದಿನ ತಿಂಗಳ 18ರೊಳಗೆ. ಗಿರಾಕಿಯಿಂದ ತೆರಿಗೆ ಬೇರೆಯಾಗಿ ವಸೂಲಿ ಮಾಡುವ ಹಾಗಿಲ್ಲ. ಆದರೆ ಒಂದು ಮುಳ್ಳಿದೆ: ಹೊರರಾಜ್ಯಕ್ಕೆ ಸರಕು ಕಳಿಸುವಂತಿಲ್ಲ. ಕುಶಾಲನಗರದ ಅಂಗಡಿಗೆ ಇದು ದೊಡ್ಡ ವಿಷಯ. ಹೋದ ತಿಂಗಳು ಬಂದಿದ್ದ ಕಣ್ಣೂರಿನವರು ಫೋನ್ ಮಾಡಿ ಎರಡು ಕೆಜಿ ಪುಡಿ ಕೊರಿಯರ್ ಮಾಡಿ ಅಂತಾರೆ. ಹಾಗೆ ಕಳಿಸಬೇಕಾದರೆ ವಹಿವಾಟು 40 ಲಕ್ಷಕ್ಕಿಂತ ಕಡಿಮೆ ಇದ್ದರೂ ಸಾಮಾನ್ಯ ನೋಂದಣಿ ಬೇಕು. ಕೊರಿಯರ್ ವ್ಯಾಪಾರ ಮಾಡುತ್ತೀರಾ ಇಲ್ಲವಾ ಅನ್ನುವುದನ್ನು ಮೊದಲೇ ನಿರ್ಧರಿಸಿ.

ಹೋಂಸ್ಟೇಗೆ ಕೊಡಿ, ಬಿಲ್ ಮೇಲೆ ಪಾವತಿಯ ದಿನ ಬರೆದು, ಸರಕು ಇಳಿಸಿಕೊಂಡವರ ಸಹಿ ಹಾಕಿಸಿ. ಹಿಂದಿನ ಬಿಲ್ ಚುಕ್ತಾ ಆಗದೆ ಮೂರನೇ ಲೋಡ್ ಹೋಗಬಾರದು. ನೀವು ಹುರಿದು ಬೀಸುವುದರಿಂದ ಉತ್ಪಾದಕರು ಅಂತ ಉದ್ಯಮ್ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ) ನೋಂದಣಿ ಮಾಡಿಸಿ. ಆಧಾರ್, ಪ್ಯಾನ್ ಇದ್ದರೆ ಆನ್‌ಲೈನಲ್ಲಿ ಉಚಿತ, ದುಡ್ಡು ಕೇಳಿದರೆ ಕೊಡಬೇಡಿ. ನೋಂದಣಿ ಆದಮೇಲೆ ಕೊಟ್ಟ ಸರಕಿಗೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಬರಬೇಕು, ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಕೇಳುವ ಹಕ್ಕಿದೆ. ಬರೀ ಕೊಂಡು ಮಾರುವ ಅಂಗಡಿಗೆ ಈ ರಕ್ಷಣೆ ಸಿಗುವುದಿಲ್ಲ. ಬಿಲ್ಲಿನ ಕೆಳಗೆ ಉದ್ಯಮ್ ನಂಬರ್ ಅಚ್ಚು ಹಾಕಿಸಿದರೆ ದಾವೆಯ ತನಕ ಹೋಗುವ ಸಂದರ್ಭ ಕಡಿಮೆ.

ಮೆಣಸು ಏಲಕ್ಕಿ

ಕಮಿಷನ್ ವಿಷಯ: ಡ್ರೈವರಿಗೆ ಶೇ 20 ಕೊಡ್ಬೇಕಂದ್ರೆ 600ರ ಪುಡಿಗೆ 750 ಬೋರ್ಡ್ ಹಾಕ್ಬೇಕು. 750ರಲ್ಲಿ 150 ಅವರಿಗೆ, 600 ನಿಮಗೆ. ಅದೇ ಬೋರ್ಡ್ ಊರಿನವರೂ ಓದ್ತಾರೆ. ಎರಡು ದರ ಇಡೋಣ ಅಂದ್ರೆ ಪೌಚ್ ಮೇಲೆ ಎಂಆರ್‌ಪಿ ಒಂದೇ ಇರುತ್ತೆ, ಪ್ರವಾಸಿ ಪಕ್ಕದಲ್ಲೇ ನಿಂತಿರೋವಾಗ ಊರವರಿಗೆ ಕಡಿಮೆ ತಗೊಂಡ್ರೆ ಅಲ್ಲೇ ಗಲಾಟೆ. ಶೇ 20 ಕೊಡೋ ಅಂಗಡಿಯಿಂದ ಶೇ 25 ಕೊಡೋ ಅಂಗಡಿಗೆ ಡ್ರೈವರ್ ಹೋಗೋಕೆ ಒಂದು ಫೋನ್ ಸಾಕು. ಮಳೆಗಾಲದಲ್ಲಿ ಆ ಗಾಡಿಗಳೇ ಇರಲ್ಲ, ಆಗ ನಿಮಗಿರೋದು ತಿಂಗಳಿಗೆ ಅರ್ಧ ಕೆಜಿ ಕೊಳ್ಳೋ ಊರಿನ ಮನೆಗಳು ಮಾತ್ರ. ಬಂದ ಡ್ರೈವರಿಗೆ ಒಂದು ಲೋಟ ಒಳ್ಳೆ ಕಾಫಿ ಕೊಡಿ, ಮನೆಗೆ ಅಂತ ಕೇಳಿದ್ರೆ ಅಸಲಿಗೆ ಪುಡಿ ಕೊಡಿ. ಶೇಕಡಾ ಲೆಕ್ಕ ಮಾತ್ರ ಶುರು ಮಾಡ್ಬೇಡಿ.

ಮನೆವೈನ್ ಇಡಿ ಅಂತಲೂ ಅವರೇ ಹೇಳ್ತಾರೆ, ಪ್ರವಾಸಿಗರು ಕೇಳ್ತಾರೆ ಅಂತ. ಅಬಕಾರಿ ಲೈಸೆನ್ಸ್ ಇಲ್ದೆ ಅದನ್ನ ಮುಟ್ಟಬೇಡಿ.

ಅಂದ ಹಾಗೆ, ನೀವೇ ಪ್ಯಾಕ್ ಮಾಡಿಟ್ಟು ಮಾರೋ ಪೌಚಿಗೆ ನಿಮ್ಮ ಹೆಸರು ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು-ವರ್ಷ, ಎಲ್ಲ ತೆರಿಗೆ ಸೇರಿ ಎಂಆರ್‌ಪಿ, ಗ್ರಾಂ ಲೆಕ್ಕದ ದರ, ದೂರಿಗೆ ಫೋನ್ ನಂಬರ್, ಬ್ಯಾಚ್, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಬೇಕು. ತಿಂಗಳು ಬದಲಾದಾಗ ಹಳೆ ಲೇಬಲ್ ರೋಲ್ ಪಕ್ಕಕ್ಕಿಡಿ, ಹುಡುಗ ಕೈಗೆ ಸಿಕ್ಕಿದ್ದನ್ನ ಅಂಟಿಸ್ತಾನೆ.